ಇಪ್ಪತ್ತೊಂದು ಸಾವಿರ ಡಾಲರ್ ಮತ್ತು ಒಂದು ಮಂಗಳವಾರ

ನಾನು ಆಪ್ತಸಲಹೆಗಾರ್ತಿ. ಅಮೆರಿಕದಲ್ಲಿರುವ ಕನ್ನಡದವರ ಜೊತೆ ನನ್ನ ಭೇಟಿಗಳು ಬೆಳಿಗ್ಗೆ ಏಳಕ್ಕೆ. ಬೆಂಗಳೂರಿನಲ್ಲಿ ನಾನು ಮೊದಲ ಕಾಫಿ ಮುಗಿಸಿರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಹಿಂದಿನ ದಿನದ ಸಂಜೆ ಆರೂವರೆ. 2025ರ ಮಾರ್ಚ್ ಕೊನೆಯಲ್ಲಿ ಹೀಗೆ ಪರದೆಯ ಮೇಲೆ ಬಂದ ದಂಪತಿಯನ್ನು ರಘು, ಸುಮಾ ಅಂತ ಕರೆಯುತ್ತೇನೆ. ನಿಜವಾದ ಹೆಸರಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಸುಮಾ ಮಾತ್ರ ಒಂದು ಷರತ್ತು ಹಾಕಿದರು: "ನಾನು ಅತ್ತಿದ್ದನ್ನ ಬರೀಬೇಡಿ ಮೇಡಂ. ಕೂಗಾಡಿದ್ದನ್ನ ಬೇಕಾದ್ರೆ ಬರೀರಿ."

ಇಬ್ಬರೂ ದಾವಣಗೆರೆ ಕಡೆಯವರು. ಮದುವೆಯಾದ ಮೇಲೆ ಬೆಂಗಳೂರು, ಆಮೇಲೆ ಓಹಾಯೋ, ಹನ್ನೊಂದು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ರಘು ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದಾರೆ. ಸುಮಾ ಪ್ರಿಸ್ಕೂಲ್ ಟೀಚರ್. ಮಗಳು ಹುಟ್ಟಿದ್ದು ಓಹಾಯೋದಲ್ಲಿ, ನಾವು ಭೇಟಿಯಾದಾಗ ಹತ್ತನೇ ಕ್ಲಾಸ್. 2017ರಲ್ಲಿ ಒಂದು ಟೌನ್‌ಹೌಸ್ ಕೊಂಡರು. 2021ರಲ್ಲಿ ಬಡ್ಡಿ ಇಳಿದಾಗ ಸಾಲವನ್ನು ಶೇ 2.75ಕ್ಕೆ ಬದಲಾಯಿಸಿಕೊಂಡರು.

ಮೊದಲ ಭೇಟಿಯಲ್ಲಿ ನಮಸ್ಕಾರ ಹೇಳಿ ಮುಗಿಯುವಷ್ಟರಲ್ಲಿ ರಘು ಸ್ಕ್ರೀನ್ ಶೇರ್ ಮಾಡಿ ಒಂದು ಎಕ್ಸೆಲ್ ಶೀಟ್ ತೆರೆದರು. ಎಡಗಡೆ ಈಗಿರುವ ಕ್ಯಾಲಿಫೋರ್ನಿಯಾ, ಬಲಗಡೆ ಅವರು ಹೋಗಬೇಕೆಂದಿದ್ದ ಟೆಕ್ಸಾಸ್. ಅವರಂಥ ದಂಪತಿಯ ವರಮಾನ ಒಂದೂವರೆ ಲಕ್ಷ ಡಾಲರ್ ಹತ್ತಿರ ಬಂದಮೇಲೆ ಮುಂದಿನ ಪ್ರತಿ ನೂರು ಡಾಲರ್‌ಗೆ ಕ್ಯಾಲಿಫೋರ್ನಿಯಾ 9.30 ಡಾಲರ್ ಆದಾಯ ತೆರಿಗೆ ತೆಗೆದುಕೊಳ್ಳುತ್ತದೆ. ರಾಜ್ಯದ ವಿಮೆ ಅಂತ ಸಂಬಳದಲ್ಲಿ ಇನ್ನೊಂದಿಷ್ಟು, 2025ರಲ್ಲಿ ಅದು ಶೇ 1.2 ಇತ್ತು. ಮೊದಲು ಇದಕ್ಕೊಂದು ಮಿತಿ ಇತ್ತು, 2024ರಿಂದ ಅದೂ ಹೋಯಿತು. ಎಲ್ಲ ಸೇರಿ ವರ್ಷಕ್ಕೆ ಸುಮಾರು 21,000 ಡಾಲರ್. ಟೆಕ್ಸಾಸ್ ಕಡೆ ಅದೇ ಸಾಲಿನಲ್ಲಿ ಸೊನ್ನೆ. ಆ ಸೊನ್ನೆಗೆ ಹಸಿರು ಬಣ್ಣ ಹಚ್ಚಿದ್ದರು.

"ಹತ್ತು ವರ್ಷಕ್ಕೆ ಎರಡು ಲಕ್ಷ ಡಾಲರ್ ಮೇಡಂ. ಸುಮ್ನೆ ಹೋಗ್ತಾ ಇದೆ. ಇವಳಿಗೆ ಅರ್ಥ ಆಗಲ್ಲ."

"ಅರ್ಥ ಆಗುತ್ತೆ," ಅಂದರು ಸುಮಾ. ಅವತ್ತು ಅವರು ಹೇಳಿದ್ದು ಅಷ್ಟೇ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ದುಡ್ಡಿನ ವಿಷಯ ಬಂದರೆ ಅದರ ಹಿಂದೆ ಇನ್ನೇನೋ ಇರಬೇಕು ಅಂದುಕೊಳ್ಳುತ್ತೇವೆ. ಕೆಲಸ ಹೋಗುವ ಭಯವಿರಬಹುದು, ಭಾವಮೈದ ಟೆಕ್ಸಾಸ್‌ನಲ್ಲಿ ದೊಡ್ಡ ಮನೆ ಕಟ್ಟಿಸಿರಬಹುದು ಅಂತೆಲ್ಲ ಎರಡು ಭೇಟಿ ಕೆದಕಿದೆ. ಮೂರನೆಯದರಲ್ಲಿ ರಘು ರೇಗಿದರು. "ಮೇಡಂ, ನನಗೆ ನಿಜವಾಗ್ಲೂ ಟ್ಯಾಕ್ಸೇ ಸಮಸ್ಯೆ."

ಹೌದು, ಅದೇ ಆಗಿತ್ತು. ಅವರ ತಂದೆಗೆ ದಾವಣಗೆರೆಯಲ್ಲಿ ಬಟ್ಟೆ ಅಂಗಡಿ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ, ಪುಸ್ತಕಕ್ಕೆ ತಾಳೆ ಆಗದಿದ್ದರೆ ಊಟಕ್ಕೆ ಕೂರುತ್ತಿರಲಿಲ್ಲವಂತೆ. ಮಕ್ಕಳೂ ಕಾಯಬೇಕಿತ್ತು. ಆ ಮನೆಯಲ್ಲಿ ಬೆಳೆದವರಿಗೆ ತಪ್ಪಿಸಬಹುದಾದ ಖರ್ಚು ಕಣ್ಣಿಗೆ ಬಿದ್ದ ಮೇಲೆ ನಿದ್ದೆ ಬರುವುದಿಲ್ಲ. ಅದು ರೋಗವಲ್ಲ. ನಾನು ಕ್ಷಮೆ ಕೇಳಿದೆ. ಆಮೇಲೆಯೇ ನಮ್ಮ ಮಾತು ಸರಿಯಾಗಿ ಶುರುವಾಗಿದ್ದು.

ಸರಿಯಾಗಿ ಶುರುವಾದದ್ದರಿಂದಲೋ ಏನೋ, ನಾಲ್ಕನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಜನವರಿಯಲ್ಲಿ ರಘು ಆಫೀಸ್ ಕೆಲಸ ಅಂತ ಟೆಕ್ಸಾಸ್‌ನ ಡಲ್ಲಾಸ್‌ಗೆ ಹೋದವರು ಫ್ರಿಸ್ಕೊ ಆಚೆಯ ಹೊಸ ಬಡಾವಣೆಯಲ್ಲಿ ಮನೆ ಬುಕ್ ಮಾಡಿ 10,000 ಡಾಲರ್ ಮುಂಗಡ ಕೊಟ್ಟಿದ್ದರು. ಮನೆಯ ಬೆಲೆ 6,20,000 ಡಾಲರ್. ಬುಕ್ ಮಾಡಿ ಎರಡು ತಿಂಗಳಾದ ಮೇಲೆ "ಹೋಗೋಣ್ವಾ" ಅಂತ ಹೆಂಡತಿಯನ್ನು ಕೇಳುತ್ತಿದ್ದರು.

ಸುಮಾ ಕೂಗಾಡಿದ್ದು ಅವತ್ತೇ. "ಬೆಂಗಳೂರು ಬಿಡುವಾಗ ಕೇಳಿದ್ರಾ? ಓಹಾಯೋ ಬಿಡುವಾಗ ಕೇಳಿದ್ರಾ? ಇದು ನನ್ನ ನಾಲ್ಕನೇ ಅಡುಗೆಮನೆ ರೀ. ಈ ಸಲನಾದ್ರೂ ಕೇಳ್ತಿದೀರಲ್ಲ ಅಂತ ಖುಷಿಯಾಗಿದ್ದೆ. ಅದೂ ಸುಳ್ಳು."

ಓಹಾಯೋದಲ್ಲಿ ಇದ್ದಷ್ಟು ದಿನ ಅವರಿಗೆ ಕೆಲಸ ಮಾಡಲು ಅನುಮತಿಯೇ ಇರಲಿಲ್ಲ. ಗಂಡನ ಎಚ್-1ಬಿ ಕೆಲಸದ ವೀಸಾದ ನೆರಳಿನಲ್ಲಿ ಹೆಂಡತಿಗೆ ಸಿಗುವ ಎಚ್-4 ವೀಸಾ. 2015ರಲ್ಲಿ ನಿಯಮ ಬದಲಾಗಿ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರ ಹೆಂಡತಿಯರಿಗೆ ಕೆಲಸದ ಅನುಮತಿ ಸಿಗತೊಡಗಿತು. ಸುಮಾ ಕಮ್ಯುನಿಟಿ ಕಾಲೇಜಿಗೆ ಸೇರಿ, ಶಿಶುಶಿಕ್ಷಣದಲ್ಲಿ 24 ಯೂನಿಟ್ ಮುಗಿಸಿ, ಕ್ಯಾಲಿಫೋರ್ನಿಯಾದ ಟೀಚರ್ ಪರ್ಮಿಟ್ ತಗೊಂಡರು. ಸಂಬಳ 40,000 ಡಾಲರ್. ರಘು ಶೀಟ್‌ನಲ್ಲಿ ಅದು ಎರಡೂ ಕಡೆ ಒಂದೇ ಅಂಕಿಯಾಗಿ ಕೂತಿತ್ತು, ಟೆಕ್ಸಾಸ್‌ಗೆ ಇಳಿದ ಮಾರನೇ ದಿನವೇ ಕೆಲಸ ಸಿಗುತ್ತದೆ ಅನ್ನುವ ಹಾಗೆ.

ನಾನು ಮೊದಲು ಹೇಳಿದ್ದು ಇದು. ಮುಚ್ಚಿಟ್ಟ ಬುಕಿಂಗ್ ಒಂದು ವಿಷಯ, ಊರು ಬಿಡುವುದು ಇನ್ನೊಂದು ವಿಷಯ. ಒಂದರ ಸಿಟ್ಟಿನಲ್ಲಿ ಇನ್ನೊಂದನ್ನು ತೀರ್ಮಾನಿಸಬೇಡಿ. ಆ 10,000 ಹೋಯಿತು ಅಂತಲೇ ಇಟ್ಟುಕೊಳ್ಳಿ. ಮುಂಗಡ ಮುಳುಗಬಾರದು ಅಂತ ಇಡೀ ಮನೆ ಎತ್ತಿಕೊಂಡು ಹೋಗುವುದು ಬೇಡ. ಇದನ್ನು ಕೇಳಿ ರಘು ಮುಖ ಬಾಡಿತು. ಗಲ್ಲಾಪೆಟ್ಟಿಗೆ ತಾಳೆ ಆಗಲಿಲ್ಲವಲ್ಲ! ಆದರೂ ತಪ್ಪನ್ನು ಒಪ್ಪಿಕೊಂಡರು. ಒಪ್ಪಿಕೊಳ್ಳಲು ಎರಡು ಭೇಟಿ ಹಿಡಿಯಿತು.

ಎರಡನೆಯದು, ಲೆಕ್ಕ. ನಾನು ತೆರಿಗೆ ಸಲಹೆಗಾರ್ತಿಯಲ್ಲ. ಹಾಗಾಗಿ ಕೇಳಬೇಕಾದವರನ್ನು ಕೇಳಿ ಬನ್ನಿ, ಉತ್ತರ ಬರವಣಿಗೆಯಲ್ಲಿರಲಿ, ಇಬ್ಬರೂ ಸೇರಿ ಓದಿ ಅಂದೆ. ಕಂಪನಿಯ ಎಚ್‌ಆರ್, ವೀಸಾ ವಕೀಲರು, ಅಲ್ಲಿನ ಸಿಪಿಎ (ಲೆಕ್ಕಪರಿಶೋಧಕರು), ಮಗಳ ಶಾಲೆಯ ಕೌನ್ಸೆಲರ್. ಆರು ವಾರ ಕೊಟ್ಟೆ.

ಬಂದ ಉತ್ತರಗಳು ನನಗೂ ಪಾಠವಾದವು. ಎಚ್‌ಆರ್: ಡಲ್ಲಾಸ್‌ಗೆ ಹೋದರೆ ಮೂಲ ಸಂಬಳದಲ್ಲಿ ಶೇ 8 ಕಡಿತ, ಅಂದರೆ 17,000 ಡಾಲರ್ ಹತ್ತಿರ. ರಘು ಇದನ್ನು ಕೇಳಿಯೇ ಇರಲಿಲ್ಲ. ಸಿಪಿಎ: ಕಂಪನಿ ಈಗಾಗಲೇ ಮಂಜೂರು ಮಾಡಿರುವ ಷೇರುಗಳು ಮುಂದೆ ಕೈಗೆ ಬಂದಾಗ, ಅವುಗಳಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ದುಡಿದ ದಿನಗಳ ಪಾಲಿಗೆ ಆ ರಾಜ್ಯ ತೆರಿಗೆ ಕೇಳುತ್ತದೆ, ನೀವು ಎಲ್ಲೇ ಇರಿ. ಇನ್ನು ಟೆಕ್ಸಾಸ್‌ನ ಸೊನ್ನೆಯ ಕೆಳಗೆ ಮನೆ ತೆರಿಗೆ ಕೂತಿದೆ. ಅಲ್ಲಿ ಮನೆಯ ಮೌಲ್ಯವನ್ನು ಕೌಂಟಿಯವರು (ನಮ್ಮ ಜಿಲ್ಲೆ ಇದ್ದ ಹಾಗೆ) ಮಾರುಕಟ್ಟೆ ನೋಡಿ ಹೊಸದಾಗಿ ಕಟ್ಟುತ್ತಾರೆ. ವಾಸದ ಮನೆಗೆ ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು. ಹೊಸ ಬಡಾವಣೆಗಳಲ್ಲಿ ನೀರು, ರಸ್ತೆಯ ಸಾಲ ತೀರಿಸಲು ಬೇರೆ ಕರ ಸೇರುವುದೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನಿನಿಂದಾಗಿ ಕೊಂಡ ಬೆಲೆಯೇ ಆಧಾರ, ಏರಿಕೆ ವರ್ಷಕ್ಕೆ ಶೇ 2 ದಾಟುವಂತಿಲ್ಲ. ಹಳಬರಿಗೆ ಅದು ದೊಡ್ಡ ಲಾಭ. ಜುಲೈನಲ್ಲಿ ಇನ್ನೊಂದು ಸುದ್ದಿ ಬಂತು. ಕೇಂದ್ರದ ತೆರಿಗೆ ಲೆಕ್ಕದಲ್ಲಿ ರಾಜ್ಯದ ತೆರಿಗೆಯನ್ನು ಕಳೆಯುವ ಮಿತಿ 10,000 ಡಾಲರ್‌ನಿಂದ 40,000ಕ್ಕೆ ಏರಿತು. ಇವರಿಗೆ ಅದರಿಂದ ಎರಡೂವರೆ ಸಾವಿರದಷ್ಟು ಉಳಿಯುತ್ತದೆ ಅಂದರು ಸಿಪಿಎ.

ಟೌನ್‌ಹೌಸ್ ಬಾಡಿಗೆಗೆ ಕೊಟ್ಟು, ಟೆಕ್ಸಾಸ್‌ನಲ್ಲಿ ಶೇ 6.75ರ ಬಡ್ಡಿಗೆ ಹೊಸ ಸಾಲ ಮಾಡುವುದು ರಘು ಯೋಜನೆ. ಮಾರಿಯೇ ಹೋದರೆ ಲೆಕ್ಕ ಬೇರೆ. ಐದು ವರ್ಷದಲ್ಲಿ ಎರಡು ವರ್ಷ ವಾಸವಿದ್ದ ಮನೆಯಾದರೆ ದಂಪತಿಗೆ 5,00,000 ಡಾಲರ್‌ವರೆಗಿನ ಲಾಭಕ್ಕೆ ಕೇಂದ್ರದ ತೆರಿಗೆ ಇಲ್ಲ. ನಿಜ ಹೇಳಬೇಕೆಂದರೆ, ಮಾರಿ ಹೋಗುವುದಾದರೆ ಟೆಕ್ಸಾಸ್ ಕಡೆಯೇ ತಕ್ಕಡಿ ವಾಲುತ್ತಿತ್ತು. ಆದರೆ ಮಾರಲು ರಘುಗೆ ಮನಸ್ಸಿಲ್ಲ. ಒಮ್ಮೆ ಬಿಟ್ಟರೆ ಆ ಊರಲ್ಲಿ ಮತ್ತೆ ಮನೆ ಕೊಳ್ಳಲು ಆಗುವುದಿಲ್ಲ ಅನ್ನುವ ಅಂಜಿಕೆ.

"ಹಾಗಾದರೆ ನಾನೊಬ್ಬನೇ ಮೊದಲು ಹೋಗ್ತೀನಿ, ಇವರು ಮಗಳ ಓದು ಮುಗಿಸಿ ಬರಲಿ" ಅಂತಲೂ ಯೋಚಿಸಿದ್ದರು. ನಮ್ಮಲ್ಲಿ ಕರ್ನಾಟಕದ ರಸ್ತೆ ತೆರಿಗೆ ಜಾಸ್ತಿ ಅಂತ ದೊಡ್ಡ ಕಾರಿಗೆ ಪುದುಚೇರಿ ನಂಬರ್ ಹಾಕಿಸಿಕೊಂಡು ಬೆಂಗಳೂರಲ್ಲಿ ಓಡಾಡುವವರು ಇದ್ದಾರಲ್ಲ, ನನಗೆ ಅದೇ ನೆನಪಾಯಿತು. ಸಿಪಿಎ ಇದಕ್ಕೂ ಉತ್ತರ ಬರೆದಿದ್ದರು. ಹೆಂಡತಿ, ಮಗಳು, ಮನೆ ಕ್ಯಾಲಿಫೋರ್ನಿಯಾದಲ್ಲೇ ಇದ್ದರೆ ನೀವು ನಿಜವಾಗಿ ಹೋಗಿದ್ದೀರಾ ಅನ್ನುವ ಪ್ರಶ್ನೆಯೇ ಏಳುತ್ತದೆ. ಹೋಗಿದ್ದೀರಿ ಅಂತ ಒಪ್ಪಿದರೂ, ಮದುವೆಯಾದ ಮೇಲಿನ ಸಂಪಾದನೆಯಲ್ಲಿ ಗಂಡ ಹೆಂಡತಿಗೆ ಸಮಪಾಲು ಅನ್ನುವುದು ಎರಡೂ ರಾಜ್ಯಗಳ ಕಾನೂನು. ಕ್ಯಾಲಿಫೋರ್ನಿಯಾದಲ್ಲೇ ಇರುವ ಸುಮಾ ಪಾಲಿನ ಅರ್ಧಕ್ಕೆ ಆ ರಾಜ್ಯ ತೆರಿಗೆ ಹಾಕುತ್ತದೆ.

ಸುಮಾ ಜೋರಾಗಿ ನಕ್ಕರು. "ಅರ್ಧ ನನ್ನದು ಅಂತ ಟ್ಯಾಕ್ಸ್‌ನೋರಿಗಾದ್ರೂ ಗೊತ್ತಲ್ಲ!" ರಘು ಕೂಡ ನಕ್ಕರು. ಆ ಭೇಟಿಗಳಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ವಕೀಲರ ಉತ್ತರ ಅಷ್ಟು ತಮಾಷೆಯದಲ್ಲ. ಬೇರೆ ಮಹಾನಗರದ ವ್ಯಾಪ್ತಿಗೆ ಹೋದರೆ ಎಚ್-1ಬಿಗೆ ತಿದ್ದುಪಡಿ ಅರ್ಜಿ ಬೇಕು. ಗ್ರೀನ್ ಕಾರ್ಡ್‌ಗಾಗಿ ಮಾಡಿಸಿದ ಕಾರ್ಮಿಕ ಪ್ರಮಾಣಪತ್ರ ಕೆಲಸದ ಜಾಗಕ್ಕೆ ಕಟ್ಟಿದ್ದು, ಅದನ್ನು ಹೊಸದಾಗಿ ಮಾಡಿಸಬೇಕಾಗಬಹುದು. ಗ್ರೀನ್ ಕಾರ್ಡ್ ಸರದಿಯ ದಿನಾಂಕ ಹೋಗುವುದಿಲ್ಲ. ಇವರದು 2015ರದು. ಇಬಿ-2 ಅನ್ನುವ ಗ್ರೀನ್ ಕಾರ್ಡ್ ವರ್ಗದಲ್ಲಿ ಭಾರತೀಯರ ಸಾಲು 2025ರಲ್ಲಿ ಇನ್ನೂ 2013ರಲ್ಲೇ ತೆವಳುತ್ತಿತ್ತು. ಸುಮಾ ಕೆಲಸದ ಅನುಮತಿಯೂ ಇದೇ ಕಡತದ ಮೇಲೆ ನಿಂತಿದೆ.

ಮೂರನೆಯದಾಗಿ ಒಂದು ಮನೆಗೆಲಸ ಕೊಟ್ಟೆ. ಟೆಕ್ಸಾಸ್‌ನ ಒಂದು ಮಂಗಳವಾರವನ್ನು ಬರೆಯಿರಿ. ಹಬ್ಬವೂ ಬೇಡ, ವೀಕೆಂಡೂ ಬೇಡ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಗಂಟೆಗೊಂದು ಸಾಲು. ಇಬ್ಬರೂ ಬೇರೆ ಬೇರೆ ಬರೆಯಬೇಕು, ಸ್ಕ್ರೀನ್ ಮುಂದೆ ಓದಬೇಕು.

ರಘು ಮಂಗಳವಾರ ಚೆನ್ನಾಗಿತ್ತು. ಮನೆಯಲ್ಲೇ ಆಫೀಸ್ ರೂಮ್, ಸಂಜೆ ಹಿತ್ತಲಲ್ಲಿ ಚಹಾ, ಮೇಲಿನ ಕೋಣೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮ. ಸುಮಾ ಅದರಲ್ಲಿ ಎರಡು ಸಲ ಬಂದರು, ಎರಡೂ ಸಲ ಅಡುಗೆಮನೆಯಲ್ಲಿ. ಅದನ್ನು ನಾನು ಎತ್ತಿ ತೋರಿಸಬೇಕಾಗಲಿಲ್ಲ. ಓದುತ್ತಾ ಓದುತ್ತಾ ಅವರ ದನಿಯೇ ಸಣ್ಣಗಾಯಿತು. ಸುಮಾ ಹಾಳೆಯಲ್ಲಿ ಒಂಬತ್ತರಿಂದ ಮೂರರವರೆಗೆ ಏನೂ ಬರೆದಿರಲಿಲ್ಲ. "ಏನು ಬರೀಲಿ? ಗೊತ್ತಿಲ್ಲ. ಓಹಾಯೋದಲ್ಲಿ ಆ ಆರು ಗಂಟೆ ಹೆಂಗೆ ಕಳೆದೆ ಅಂತ ನೀವು ಒಂದಿನಾನೂ ಕೇಳಲಿಲ್ಲ."

ಮಗಳನ್ನು ಒಂದು ಭೇಟಿಗೆ ಕರೆಸಿದೆ. ಅವಳಿಗೆ ಗೆಳತಿಯರ ಚಿಂತೆ, ಸಹಜ. ಶಾಲೆಯ ಕೌನ್ಸೆಲರ್ ಹೇಳಿದ್ದು ಕಾಲೇಜಿನ ವಿಷಯ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಹೊರ ರಾಜ್ಯದವರಿಗೆ ವರ್ಷಕ್ಕೆ 30,000 ಡಾಲರ್‌ಗೂ ಮೇಲೆ ಹೆಚ್ಚುವರಿ ಶುಲ್ಕ ಇದೆ. ಮೂರು ವರ್ಷ ಅಲ್ಲೇ ಹೈಸ್ಕೂಲ್ ಓದಿ ಮುಗಿಸಿದರೆ, ಅಪ್ಪ ಅಮ್ಮ ಆಮೇಲೆ ಬೇರೆ ರಾಜ್ಯಕ್ಕೆ ಹೋದರೂ ಅದರಿಂದ ವಿನಾಯಿತಿ ಸಿಗುವ ದಾರಿ ಇದೆ. ನಡುವೆ ಎದ್ದು ಹೋದರೆ ಇಲ್ಲ. ರಘು ಶೀಟ್‌ನಲ್ಲಿ ಈ ಸಾಲೂ ಇರಲಿಲ್ಲ.

ಹಾಗಾಗಿ ನನ್ನ ಸಲಹೆ ಸರಳವಾಗಿತ್ತು. 2027ರ ಜೂನ್‌ವರೆಗೆ, ಅಂದರೆ ಮಗಳ ಹೈಸ್ಕೂಲ್ ಮುಗಿಯುವವರೆಗೆ, ತೀರ್ಮಾನ ಬೇಡ. ಆದರೆ ವಿಷಯವನ್ನು ಮುಚ್ಚಿಡುವುದೂ ಬೇಡ. ತಿಂಗಳ ಮೊದಲ ಭಾನುವಾರ ಒಂದು ಗಂಟೆ ಇದಕ್ಕೆ ಮೀಸಲು, ಊಟದ ಮೇಜಿನ ಮೇಲೆ ಟೆಕ್ಸಾಸ್ ಇಲ್ಲ. ಶೀಟ್ ಇಬ್ಬರ ಹೆಸರಿನಲ್ಲೂ ಇರಲಿ. ಮತ್ತೆ, ಆ ಊರನ್ನು ನೋಡಲೇಬೇಕಿದ್ದರೆ ಆಗಸ್ಟ್‌ನಲ್ಲಿ ನೋಡಿ. ಡಿಸೆಂಬರ್‌ನಲ್ಲಿ ಸ್ನೇಹಿತರ ಮನೆಗೆ ಹೋಗಿ ಹೋಳಿಗೆ ತಿಂದು ಬಂದರೆ ಯಾವ ಊರಾದರೂ ಚೆನ್ನಾಗಿಯೇ ಕಾಣುತ್ತದೆ.

ಅವರು ಹೋದರು. ಬಾಡಿಗೆ ಅಪಾರ್ಟ್‌ಮೆಂಟ್‌ನಲ್ಲಿ ಹತ್ತು ದಿನ, ನಲವತ್ತು ಡಿಗ್ರಿ ಹತ್ತಿರದ ಬಿಸಿಲು. ನನ್ನ ಅಂದಾಜು ಅಲ್ಲಿ ಉಲ್ಟಾ ಆಯಿತು. ಫ್ರಿಸ್ಕೊದ ಹನುಮಾನ್ ದೇವಸ್ಥಾನದಲ್ಲಿ ಸುಮಾಗೆ ದಾವಣಗೆರೆಯದೇ ಒಂದು ಸಂಸಾರ ಸಿಕ್ಕಿತು. ಮಲ್ಲಿಗೆ ಕನ್ನಡ ಸಂಘದ ಬಗ್ಗೆ ಅವರಿಂದ ಕೇಳಿಕೊಂಡು ಬಂದರು. ಬಿಸಿಲು ಅವರಿಗೆ ಹೊಸದಲ್ಲ. ಬುಕ್ ಮಾಡಿದ್ದ ಮನೆಯನ್ನು ಹೊರಗಿನಿಂದ ನೋಡಿ "ಅಡುಗೆಮನೆ ದೊಡ್ಡದಿದೆ ಅನ್ಸುತ್ತೆ" ಅಂದರಂತೆ. ರಘು ಮಾತ್ರ ಅಕ್ಕಪಕ್ಕದ ಮನೆಗಳ ತೆರಿಗೆ ಬಿಲ್ಲನ್ನು ಕೌಂಟಿ ವೆಬ್‌ಸೈಟ್‌ನಲ್ಲಿ ಹುಡುಕುತ್ತಾ ಕೂತಿದ್ದರು. ಹದಿಮೂರು ಸಾವಿರದ ಹತ್ತಿರದ್ದೂ ಇತ್ತು.

ಬುಕಿಂಗ್ ರದ್ದಾಯಿತು. ಮುಂಗಡ ವಾಪಸ್ ಬರಲಿಲ್ಲ. ಶೀಟ್‌ನಲ್ಲಿ ಅದಕ್ಕೂ ಈಗ ಒಂದು ಸಾಲಿದೆ. ಸುಮಾ ಕೆಂಪು ಬಣ್ಣ ಹಚ್ಚಿದ್ದಾರೆ.

ನಮ್ಮ ಮುಂದಿನ ಭೇಟಿ 2027ರ ಜನವರಿಗೆ. ಮೊನ್ನೆ ಸುಮಾ ಒಂದು ಮೆಸೇಜ್ ಕಳಿಸಿದ್ದರು. ಟೆಕ್ಸಾಸ್‌ನಲ್ಲಿ ಪ್ರಿಸ್ಕೂಲ್ ನಡೆಸುವ ಹುದ್ದೆಗೆ ಏನೇನು ಓದಿರಬೇಕು, ಎಷ್ಟು ವರ್ಷದ ಅನುಭವ ಬೇಕು ಅಂತ ಒಂದು ಉದ್ದನೆಯ ಪಟ್ಟಿ. ಕೊನೆಯಲ್ಲಿ "ಇವರಿಗೆ ಇನ್ನೂ ಹೇಳಿಲ್ಲ ಮೇಡಂ" ಅಂತಿತ್ತು.

"ಇವತ್ತೇ ಹೇಳಿ" ಅಂತ ಬರೆದೆ.