ಪ್ಲಗ್ ಬದಲಿಸಿದ ಮೇಲೆ ಮೂರನೆಯ ಸಿಲಿಂಡರ್ ಮುನಿಸಿಕೊಂಡಿದ್ದೇಕೆ?

ಪ್ರಶ್ನೆ: ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಕಳೆದ ವಾರ ನಾನೇ ಹೊಸ ಸ್ಪಾರ್ಕ್ ಪ್ಲಗ್‌ಗಳನ್ನು ಹಾಕಿದೆ. ಅದೇ ಹೊತ್ತಿಗೆ ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಯನ್ನೂ ಒರೆಸಿದೆ. ಅಲ್ಲಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಈಗ ನಿಂತಲ್ಲಿ ಎಂಜಿನ್ ನಡುಗುತ್ತದೆ, ಏರು ಹತ್ತುವಾಗ ಎಳೆಯಲಾರದೆ ಮುಗ್ಗರಿಸುತ್ತದೆ, ಆಗ ಚೆಕ್ ಎಂಜಿನ್ ದೀಪ ಮಿನುಗುತ್ತದೆ. ಸ್ಕ್ಯಾನರ್ ಪಿ0303 ಎಂಬ ಕೋಡ್ ತೋರಿಸುತ್ತಿದೆ. ಪ್ರತಿ ಪ್ಲಗ್ಗಿನ ಮೇಲೂ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್ ಇದೆ. ನಾಲ್ಕೂ ಕಾಯಿಲ್‌ಗಳನ್ನು ಬದಲಿಸಬೇಕೆಂದು ಪರಿಚಿತರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಒಂದು ಕಾಯಿಲನ್ನೂ ಕೊಳ್ಳಬೇಡಿ. ನೀವು ಕೈ ಹಾಕುವ ಹಿಂದಿನ ದಿನದವರೆಗೆ ಸರಿಯಾಗಿದ್ದ ಬಿಡಿಭಾಗವೊಂದು ನೀವು ಬಾನೆಟ್ ಮುಚ್ಚಿದ ಕೂಡಲೇ ತಾನಾಗಿ ಕೆಟ್ಟಿತೆನ್ನುವುದಕ್ಕಿಂತ, ಬಿಚ್ಚಿ ಜೋಡಿಸುವಾಗ ಏನೋ ತಪ್ಪಿತೆನ್ನುವುದೇ ಹೆಚ್ಚು ನಂಬತಕ್ಕ ಮಾತು. ಆದುದರಿಂದ ಹುಡುಕಾಟ ನಿಮ್ಮದೇ ಕೆಲಸದಿಂದ ಆರಂಭವಾಗಬೇಕು.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ; ಮಿನುಗಿದರೆ ಆಗಲೇ ಹಾನಿ ಆಗುತ್ತಿರಬಹುದು. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್, ಬಳಕೆಯಾಗದ ಆಮ್ಲಜನಕದ ಜೊತೆಗೆ ಹೊಗೆಕೊಳವೆಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಆ ಕಾವಿಗೆ ಅದರೊಳಗಿನ ಜೇನುಗೂಡಿನಂಥ ರಚನೆ ಕರಗಿಹೋಗಬಹುದು. ಕನ್ವರ್ಟರಿನ ಮುಂದೆ ಕಾಯಿಲಿನ ಖರ್ಚು ಏನೂ ಅಲ್ಲ. ದೋಷ ಸಿಗುವವರೆಗೆ ಕಾರನ್ನು ಏರಿಗೆ ಒಯ್ಯಬೇಡಿ, ಸಾಧ್ಯವಾದರೆ ಓಡಿಸಲೇಬೇಡಿ.

ಇನ್ನು ಕೋಡ್. ಸಿಲಿಂಡರಿನೊಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದಕ್ಕೆ ಮಿಸ್‌ಫೈರ್ ಎನ್ನುತ್ತಾರೆ; ಪಿ0300 ಎಂದರೆ ಯಾವ ಸಿಲಿಂಡರ್ ಎಂದು ಗೊತ್ತುಪಡಿಸಲಾಗದ ಮಿಸ್‌ಫೈರ್. ಕೊನೆಯ ಅಂಕಿ 3 ಆಗಿದ್ದರೆ ಮಿಸ್‌ಫೈರ್ ಆಗುತ್ತಿರುವುದು ಮೂರನೆಯ ಸಿಲಿಂಡರಿನಲ್ಲಿ. ಪ್ರತಿ ಸಿಲಿಂಡರಿನ ಸರದಿಯಲ್ಲಿ ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್ ಎಷ್ಟು ವೇಗ ಪಡೆಯುತ್ತದೆ ಎಂಬುದನ್ನು ಕಂಪ್ಯೂಟರ್ ಅಳೆಯುತ್ತಿರುತ್ತದೆ. ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿರುವಾಗ ಒಂದು ಸಿಲಿಂಡರಿನ ಸರದಿ ಸೆಕೆಂಡಿಗೆ ಸುಮಾರು 6 ಬಾರಿ ಬರುತ್ತದೆ. ಸ್ಟೀರಿಂಗ್ ಮೇಲೆ ಕೈಯಿಟ್ಟಾಗ ನಿಮಗೆ ತಟ್ಟುವ ನಡುಕ ಅದೇ. ಒಂದೇ ಸಿಲಿಂಡರಿನ ಹೆಸರು ಬಂದಿರುವುದು ನಿಮ್ಮ ಪುಣ್ಯ, ಏಕೆಂದರೆ ನಾಲ್ಕಕ್ಕೂ ಸಮಾನವಾದ ಕಾರಣಗಳು, ಅಂದರೆ ಹಳಸಿದ ಪೆಟ್ರೋಲ್, ದುರ್ಬಲ ಪಂಪು, ನೀವು ಒರೆಸಿದ ಥ್ರಾಟಲ್ ಬಾಡಿ, ಇವೆಲ್ಲ ಬಹುಮಟ್ಟಿಗೆ ಹಿಂದೆ ಸರಿಯುತ್ತವೆ. ಏರ್ ಡಬ್ಬಿಯನ್ನು ಬಿಚ್ಚಿದ್ದರಿಂದ ಯಾವುದಾದರೂ ತೆಳು ರಬ್ಬರ್ ಕೊಳವೆ ಕಳಚಿ ಗಾಳಿ ಒಳಸೇರುತ್ತಿದೆಯೇ ಎಂದು ಒಮ್ಮೆ ಕಣ್ಣಾಡಿಸಿದರೆ ಸಾಕು. ಗಾಳಿ ಸೋರಿಕೆಯ ತೊಂದರೆ ಸಾಮಾನ್ಯವಾಗಿ ನಿಂತಲ್ಲೇ ಎಂಜಿನ್ ಓಡುವ ಐಡ್ಲಿಂಗಿನಲ್ಲಿ ಹೆಚ್ಚು, ಆಕ್ಸಿಲರೇಟರ್ ಒತ್ತಿದಾಗ ಕಡಿಮೆ. ನಿಮ್ಮದು ಅದಕ್ಕೆ ತಿರುಗುಮುರುಗು.

ಏರಿನಲ್ಲಿ ಹೆಚ್ಚುವ ಮಿಸ್‌ಫೈರ್ ಕಿಡಿಯ ದೌರ್ಬಲ್ಯವನ್ನೇ ಬೊಟ್ಟುಮಾಡುತ್ತದೆ. ಭಾರ ಬಿದ್ದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಯ ಸಂದನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸಾವಿರಾರು ವೋಲ್ಟುಗಳ ಆ ವಿದ್ಯುತ್ತಿಗೆ ಸುಲಭದ ದಾರಿ ಇನ್ನೊಂದು ಸಿಕ್ಕರೆ, ಅದು ಸಂದನ್ನು ದಾಟುವ ಗೋಜಿಗೇ ಹೋಗುವುದಿಲ್ಲ. ಆ ಕಳ್ಳದಾರಿ ಸಾಮಾನ್ಯವಾಗಿ ಪ್ಲಗ್ಗಿನ ಬಿಳಿಯ ಪಿಂಗಾಣಿಯಲ್ಲೇ ಇರುತ್ತದೆ. ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದಿದ್ದರೆ, ಅಥವಾ ಬಿಗಿಯುವಾಗ ಸಾಕೆಟ್ ಸ್ವಲ್ಪ ಓರೆಯಾಗಿದ್ದರೆ ಪಿಂಗಾಣಿ ಕೂದಲೆಳೆಯಷ್ಟು ಬಿರಿಯುತ್ತದೆ. ಬಿರುಕು ಕಣ್ಣಿಗೆ ಬೀಳದಿರಬಹುದು. ಆದರೆ ಕಿಡಿ ಹರಿದಾಡಿದ ಜಾಗದಲ್ಲಿ ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆಯೊಂದು ಮೇಲಿನಿಂದ ಕೆಳಗೆ ಇಳಿದಿರುತ್ತದೆ, ಅದರ ಪಡಿಯಚ್ಚು ಪ್ಲಗ್ಗನ್ನು ಕವಿದು ಕೂರುವ ಕಾಯಿಲಿನ ರಬ್ಬರ್ ಬೂಟಿನ ಒಳಮೈಯಲ್ಲೂ ಇರಬಹುದು. ಹಾಗಿದ್ದರೆ ಪ್ಲಗ್ಗನ್ನೂ ಬೂಟನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನು ಕೆಡಿಸುತ್ತದೆ.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಸಿಲಿಂಡರುಗಳ ಮೇಲಿರುವ ಅಲ್ಯೂಮಿನಿಯಂ ಹೆಡ್ಡು ಬಿಸಿಯಿದ್ದಾಗ ಅದರಿಂದ ಪ್ಲಗ್ ಬಿಚ್ಚಿದರೆ ಮರೆ, ಅಂದರೆ ಪ್ಲಗ್ ತಿರುಗಿ ಕೂರುವ ತಿರುಪಿನ ಗೆರೆ, ಕಿತ್ತುಬರುವ ಭಯವಿದೆ. ಮೂರನೆಯ ಕಾಯಿಲಿನ ಕನೆಕ್ಟರ್ ಕಚ್ಚಿಕೊಂಡಿದೆಯೇ ಎಂದು ಮೊದಲು ಎಳೆದು ನೋಡಿ. ಕುಳಿತಂತೆ ಕಂಡರೂ 'ಟಿಕ್' ಎನ್ನದ ಕನೆಕ್ಟರಿನಿಂದ ನಾನೊಮ್ಮೆ ಅರ್ಧ ದಿನ ಕಳೆದುಕೊಂಡವನು, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ. ಅದು ಸರಿಯಿದ್ದರೆ, ಮೂರನೆಯ ಕಾಯಿಲನ್ನು ಒಂದನೆಯದರೊಂದಿಗೂ, ಮೂರನೆಯ ಪ್ಲಗ್ಗನ್ನು ಎರಡನೆಯದರೊಂದಿಗೂ ಅದಲುಬದಲು ಮಾಡಿ, ಕೋಡ್ ಅಳಿಸಿ, ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡಿ. ಅಗತ್ಯವಿದ್ದರೆ ಸಮತಟ್ಟಾದ ಜಾಗದಲ್ಲಿ ಒಂದು ಚಿಕ್ಕ ಸುತ್ತು ಹಾಕಿ. ಕೋಡ್ ಪಿ0301 ಆಗಿ ಬಂದರೆ ದೋಷ ಕಾಯಿಲಿನದು, ಪಿ0302 ಆಗಿ ಬಂದರೆ ಪ್ಲಗ್ಗಿನದು. ಪಿ0303 ಆಗಿಯೇ ಉಳಿದರೆ ಇವೆರಡೂ ನಿರಪರಾಧಿಗಳು. ಆಗ ಕಾಯಿಲಿಗೆ ಬರುವ ತಂತಿ, ಪೆಟ್ರೋಲ್ ಚಿಮ್ಮಿಸುವ ಮೂರನೆಯ ಇಂಜೆಕ್ಟರಿನ ಕನೆಕ್ಟರ್, ಕೊನೆಗೆ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಒತ್ತುವ ಶಕ್ತಿ, ಈ ಕ್ರಮದಲ್ಲಿ ನೋಡಬೇಕು. ಕಂಪ್ರೆಷನ್ ಪರೀಕ್ಷೆಗೆ ಗೇಜ್ ಬೇಕಾದ್ದರಿಂದ ಅದನ್ನು ಮೆಕ್ಯಾನಿಕ್‌ಗೆ ಬಿಡುವುದು ಮೇಲು.

ಪ್ಲಗ್ ಹೊರಗಿರುವಾಗಲೇ ಅದರ ಕುಳಿಯೊಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಸೀಲು ಸೋತಿದೆ ಎಂದು ಅರ್ಥ. ಅದು ನಿಮ್ಮ ತಪ್ಪಲ್ಲ, ಆದರೆ ಕಾಯಿಲನ್ನು ಎಳೆದು ಹಾಕಿದ್ದರಿಂದ ಆಯಿಲ್ ಬೂಟಿಗೆ ಮೆತ್ತಿಕೊಂಡಿರಬಹುದು. ಪ್ಲಗ್ಗಿನ ಸಂದು ಬಹುತೇಕ ಕಾರುಗಳಲ್ಲಿ 0.7ರಿಂದ 1.1 ಮಿಲಿಮೀಟರ್ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ಮರಳಿ ಕೂರಿಸುವಾಗ ಮೊದಲ ಮರೆಗಳನ್ನು ಬೆರಳಿನಿಂದಲೇ ತಿರುಗಿಸಿ. ವಾಷರ್ ಇರುವ ಹೊಸ ಪ್ಲಗ್ಗಾದರೆ ಬೆರಳು ನಿಂತ ಮೇಲೆ ಸುಮಾರು ಅರ್ಧದಿಂದ ಮೂರರಲ್ಲಿ ಎರಡು ಪಾಲು ಸುತ್ತು; ಒಮ್ಮೆ ಕೂತು ವಾಷರ್ ಚಪ್ಪಟೆಯಾದ ಪ್ಲಗ್ಗಿಗೆ ಸುತ್ತಿನ ಹನ್ನೆರಡರಲ್ಲಿ ಒಂದು ಪಾಲು ಸಾಕು. ನೀವೀಗ ಅದಲುಬದಲು ಮಾಡುವುದು ಈ ಎರಡನೆಯ ಬಗೆಯವು. ಹೊಸದರ ಲೆಕ್ಕದಲ್ಲಿ ಬಿಗಿದರೆ ಮರೆ ಹಾಳಾದೀತು.

ಪ್ರಶ್ನೆ: ಎಂಜಿನ್ ಚಾಲೂ ಇರುವಾಗಲೇ ಒಂದೊಂದು ಕಾಯಿಲನ್ನು ಎತ್ತಿ, ಯಾವುದು ಎತ್ತಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್ ಎಂದು ತಿಳಿಯುವ ಹಳೆಯ ಉಪಾಯ ಈಗಲೂ ನಡೆಯುತ್ತದೆಯೇ?

ಉತ್ತರ: ತರ್ಕ ಸರಿ, ವಿಧಾನ ಬೇಡ. ಎತ್ತಿದ ಕಾಯಿಲಿನ ಕಿಡಿ ನೆಲಕ್ಕೆ ದಾರಿ ಹುಡುಕುತ್ತ ನಿಮ್ಮ ಕೈಯನ್ನೇ ಆರಿಸಿಕೊಳ್ಳಬಹುದು, ಇಲ್ಲವೇ ಕಾಯಿಲನ್ನೇ ಒಳಗಿನಿಂದ ಸುಡಬಹುದು. ಜೊತೆಗೆ ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಕನ್ವರ್ಟರಿಗೆ ಸುರಿಯುತ್ತದೆ. ಇದರ ಬದಲು ಎಂಜಿನ್ ಆರಿಸಿ, ಕೈಗೆ ಎಟಕುವಂತಿದ್ದರೆ ಒಂದು ಇಂಜೆಕ್ಟರಿನ ಕನೆಕ್ಟರನ್ನು ಕಳಚಿ, ಮತ್ತೆ ಚಾಲೂ ಮಾಡಿ ಸದ್ದು ಕೇಳಿ. ಪೆಟ್ರೋಲೇ ಹೋಗದಿರುವುದರಿಂದ ಕನ್ವರ್ಟರಿಗೆ ತೊಂದರೆಯಿಲ್ಲ. ಹೀಗೆ ಮಾಡಿದಾಗ ಹೊಸ ಕೋಡ್‌ಗಳು ಕೂಡಿಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ಅವನ್ನು ಅಳಿಸಿ.