ಹೊಸಿಲಾಚೆಯೇ ನಿಲ್ಲಿಸಿ ಮಾತಾಡು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಆಗಸ್ಟಿನಲ್ಲಿ ಎಂಎಸ್ ಮಾಡಲು ಸ್ಯಾನ್ ಹೋಸೆಗೆ ಬರ್ತಿದ್ದೀಯ, ನಾಲ್ಕು ಹುಡುಗರು ಸೇರಿ ಅಪಾರ್ಟ್‌ಮೆಂಟ್ ಹಿಡೀತೀರಿ. ಐಸ್‌ನವರು, ಅಂದರೆ ಅಮೆರಿಕದ ವಲಸೆ ಪೊಲೀಸರು, ಬಾಗಿಲು ಬಡಿದರೆ ಏನು ಮಾಡಬೇಕು, ಮನೆ ಮಾಲೀಕರು ವೀಸಾ ವಿಚಾರ ಕೇಳಬಹುದಾ, ಕುಕ್ಕರ್ ತರಬೇಕಾ ಅಂತ ಕೇಳಿದ್ದೀಯ.

ಕುಕ್ಕರ್ ತಾ. ಅಕ್ಕಿ ಬೇಡ, ಸೋನಾ ಮಸೂರಿ ಇಲ್ಲೇ ಸಿಗುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಮಾಲೀಕರು ಬಾಡಿಗೆಯವರ ವಲಸೆ ಸ್ಥಿತಿ ಕೇಳುವ ಹಾಗಿಲ್ಲ. ಗುರುತಿನ ಚೀಟಿ, ಬಾಡಿಗೆ ಕಟ್ಟುವ ಶಕ್ತಿ ನೋಡಬಹುದು, ಅಷ್ಟೇ. "ಐಸ್‌ಗೆ ಹೇಳ್ತೀನಿ" ಅಂತ ಹೆದರಿಸಿ ಮನೆ ಖಾಲಿ ಮಾಡಿಸುವುದನ್ನೂ 2018ರಿಂದ ಕಾನೂನು ತಡೆದಿದೆ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ, ನೆನಪಿರಲಿ.

ಬಾಗಿಲಿನ ವಿಚಾರ ಮಾತ್ರ ನಾನು ಉದ್ದಕ್ಕೆ ಬರೀಲೇಬೇಕು.

2009. ಸನ್ನಿವೇಲ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಬಾಡಿಗೆ ಭಾರ ತಡೆಯದೆ ಒಂದು ರೂಮನ್ನು ಕುಂದಾಪುರದ ಕಡೆಯ ಅಡುಗೆಯವರೊಬ್ಬರಿಗೆ ಕೊಟ್ಟಿದ್ದೆವು. ನಮ್ಮನೆಯವರು ಬೇಗ ಕೆಲಸಕ್ಕೆ ಹೋಗಿದ್ದರು. ಬೆಳಗ್ಗೆ ಆರೂವರೆಗೆ ಬಾಗಿಲು ತಟ್ಟಿ "ಪೊಲೀಸ್" ಅಂದರು. ಕೈಯಲ್ಲಿ ಯಾರದೋ ಫೋಟೋ, ನಾನು ಕಂಡರಿಯದ ಮುಖ. ಒಳಗೆ ಬಂದು ಎರಡು ನಿಮಿಷ ಮಾತಾಡಬಹುದಾ ಅಂತ ಕೇಳಿದರು. ನಾನು ತೀರ್ಥಹಳ್ಳಿಯ ಮನೆಯಲ್ಲಿ ಬೆಳೆದವಳು. ಬಂದವರನ್ನು ಹೊಸಿಲಾಚೆ ನಿಲ್ಲಿಸಿ ಮಾತಾಡಿಸಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದು. ಕದ ಪೂರಾ ತೆರೆದು, ಕುರ್ಚಿ ಎಳೆದುಕೊಟ್ಟು, ನೀರು ತರಲು ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವರು ಅಡುಗೆಯವರ ರೂಮಿನಲ್ಲಿದ್ದರು. ಪಾಪ, ಮಲಗಿದ್ದವರು ಎದ್ದು ಬನಿಯನ್‌ನಲ್ಲೇ ನಿಂತಿದ್ದರು. ಅವರ ವೀಸಾ ಮುಗಿದು ಎರಡು ವರ್ಷವಾಗಿದೆ ಅಂತ ನನಗೆ ಗೊತ್ತಾದದ್ದೇ ಆಗ. ಅವರನ್ನು ಕರೆದೊಯ್ಯುವಾಗ ನನ್ನ ಕಡೆ ತಿರುಗಿ, "ಅಕ್ಕಾ, ಹಿಟ್ಟು ಫ್ರಿಜ್ಜಲ್ಲಿ ಇಡಿ" ಅಂದರು.

ಇಡಲಿಲ್ಲ. ಸಂಜೆ ನಮ್ಮನೆಯವರು ಬಂದಾಗ ದೋಸೆ ಹಿಟ್ಟು ಉಕ್ಕಿ, ಮುಚ್ಚಳ ಎತ್ತಿ, ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಮೂರು ದಿನ ಬಿಟ್ಟು ಅವರ ಹೆಂಡತಿ ಊರಿಂದ ಫೋನ್ ಮಾಡಿದರು. ಬಾಗಿಲು ತೆಗೆದವಳು ನಾನು ಅಂತ ಹೇಳೋಕೆ ಬಾಯಿ ಬರಲಿಲ್ಲ. ಇವತ್ತಿಗೂ ಹೇಳಿಲ್ಲ.

ವಕೀಲರೊಬ್ಬರು ಆಮೇಲೆ ಬಿಡಿಸಿ ಹೇಳಿದರು. ಹಾಗೆ ಬರುವ ಐಸ್‌ನವರ ಬಳಿ ಸಾಮಾನ್ಯವಾಗಿ ಇರುವುದು ಐ-200 ಅನ್ನುವ ವಾರಂಟ್. ಅದಕ್ಕೆ ಸಹಿ ಹಾಕುವವರು ವಲಸೆ ಇಲಾಖೆಯ ಅಧಿಕಾರಿ, ಜಡ್ಜ್ ಅಲ್ಲ. ಅದನ್ನು ಹಿಡಿದು ಬೀದಿಯಲ್ಲಿ ಬಂಧಿಸಬಹುದು, ಒಪ್ಪಿಗೆಯಿಲ್ಲದೆ ಮನೆಯೊಳಗೆ ಬರುವ ಹಾಗಿಲ್ಲ. ಬಂಧನಕ್ಕೆಂದು ಪೊಲೀಸರು ಜಡ್ಜ್ ಕೊಟ್ಟ ವಾರಂಟ್ ಇಲ್ಲದೆ ಮನೆಯ ಹೊಸಿಲು ದಾಟಬಾರದು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತ್ತು. ಬಾಡಿಗೆಯವರ ಪರವಾಗಿ ಮಾಲೀಕರೂ ಒಪ್ಪಿಗೆ ಕೊಡುವಂತಿಲ್ಲ. ಆ ದಿನ ಒಳಗೆ ಬರಲು ಒಪ್ಪಿಗೆ ಕೊಟ್ಟವಳು ನಾನು, ನೀರಿನ ಲೋಟದ ಸಮೇತ.

ನೀವು ನಾಲ್ವರಿದ್ದೀರಲ್ಲ, ಇದು ನಿಮಗೇ. ಒಬ್ಬ "ಬನ್ನಿ" ಅಂದರೆ ಎಲ್ಲರೂ ಬಳಸುವ ಹಾಲ್, ಅಡುಗೆಮನೆ ತೆರೆದ ಹಾಗೆಯೇ. ಬಾಗಿಲಲ್ಲೇ ನಿಂತ ಇನ್ನೊಬ್ಬ "ಬೇಡ" ಅಂದರೆ ಆ "ಬೇಡ"ವೇ ಗೆಲ್ಲುತ್ತೆ ಅಂತ ಅದೇ ಕೋರ್ಟಿನ 2006ರ ತೀರ್ಪಿದೆ. ಒಳಗೆ ಮಲಗಿದ್ದವನು ಏನು ಹೇಳಿಯಾನು? ಬಂದ ಮೊದಲ ವಾರವೇ ನಾಲ್ವರೂ ಕೂತು ಮಾತಾಡಿಕೊಳ್ಳಿ.

ಬಾಗಿಲು ತೆಗೆಯದೆ ಯಾರು ಅಂತ ಕೇಳು. ಕಾಗದವನ್ನು ಬಾಗಿಲ ಕೆಳಗಿನ ಸಂದಿಯಿಂದ ತಳ್ಳಲು ಹೇಳು. ಕೋರ್ಟಿನ ಹೆಸರು, ಜಡ್ಜ್ ಸಹಿ, ನಿಮ್ಮದೇ ಮನೆ ನಂಬರು, ತಾರೀಕು ನೋಡು. ಎಲ್ಲ ಸರಿಯಿದ್ದರೆ ತೆಗೆಯಲೇಬೇಕು. ಇಲ್ಲದಿದ್ದರೆ ಒಳಗೆ ಬರಲು ಒಪ್ಪಿಗೆ ಇಲ್ಲ ಅಂತ ಗಟ್ಟಿಯಾಗಿ ಹೇಳು. ಅಂತಿಮ ಗಡಿಪಾರು ಆದೇಶ ಇರುವವರ ಮನೆಗೆ ತನ್ನ ಕಾಗದದ ಮೇಲೆಯೇ ನುಗ್ಗಬಹುದು ಅಂತ ಇಲಾಖೆ ಈಚೆಗೆ ವಾದ ಹೂಡಿದೆ. ಹಾಗಾಗಿ ನುಗ್ಗಿಬಿಟ್ಟರೆ ಅಡ್ಡ ನಿಲ್ಲಬೇಡ, ಓಡಬೇಡ, ಒಪ್ಪಿಗೆ ಇಲ್ಲ ಅಂತ ಮತ್ತೊಮ್ಮೆ ಹೇಳಿ ವಕೀಲರನ್ನು ಕೇಳು. ಸುಮ್ಮನಿರಬಹುದು, ಸುಳ್ಳು ಮಾತ್ರ ಹೇಳಬೇಡ. ಹೊರಗೆ ಹೋಗುವಾಗ ಐ-94, ಅಂದರೆ ಈ ದೇಶಕ್ಕೆ ಬಂದಾಗಿನ ದಾಖಲೆ, ಜೊತೆಗಿರಲಿ.

ಬಂದಮೇಲೆ ಒಂದು ಭಾನುವಾರ ಫ್ರೀಮಾಂಟಿನ ನಮ್ಮನೆಗೆ ಊಟಕ್ಕೆ ಬಾ. ಬಾಗಿಲು ತಟ್ಟಿ ಹೆಸರು ಹೇಳು. ನಾನು ಒಳಗಿಂದಲೇ ಎರಡು ಸಲ "ಯಾರು?" ಅಂತ ಕೇಳ್ತೀನಿ, ಬೇಜಾರು ಮಾಡ್ಕೋಬೇಡ.