ಬಾಟಲಿಯ ಹಿಂಬದಿ ಓದಿ

ಪ್ರಶ್ನೆ: ಮಗನಿಗೆ 9 ವರ್ಷ, ತೂಕ ಏರುತ್ತಲೇ ಇದೆ. ಕೋಲಾ ಬಿಡಿಸಿ, ಶಾಲೆಯಿಂದ ಬಂದ ಮೇಲೆ ಮಾವಿನ ಜ್ಯೂಸ್ ಕೊಡುತ್ತಿದ್ದೇವೆ. ಪರವಾಗಿಲ್ಲವೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಸಕ್ಕರೆ ಮಟ್ಟಿಗೆ ಎರಡೂ ಒಂದೇ. ಬಾಟಲಿಯ ಹಿಂದಿನ ಲೆಕ್ಕ 100 ಮಿ.ಲೀ.ಗೆ ಬರೆದಿರುತ್ತದೆ, ಏಮಾರುವುದು ಇಲ್ಲೇ. 13 ಗ್ರಾಂ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 32 ಗ್ರಾಂ ದಾಟುತ್ತದೆ, ಅಂದರೆ ಎಂಟು ಟೀ ಚಮಚ. ಈ ವಯಸ್ಸಿಗೆ ಬಿಸ್ಕತ್ತಿನ ಸಕ್ಕರೆ, ಹಾಲಿಗೆ ಹಾಕುವ ಸಕ್ಕರೆ ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗಿರಲಿ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ಹುಡುಗ ಮತ್ತೆ ತಿಂಡಿ ಕೇಳುತ್ತಾನೆ. ಮೊದಲು ನೀರು ಕೊಡಿ, ಆಮೇಲೆ ತೆಳು ಮಜ್ಜಿಗೆ. ಹಣ್ಣನ್ನು ಹೆಚ್ಚಿ ಕೊಡಿ. ಮನೆಯಲ್ಲಿ ಹಿಂಡಿ ಸೋಸಿದರೂ ನಾರು ಹೋಗುತ್ತದೆ. ಊಟ ಮಾತ್ರ ಕಡಿತ ಮಾಡಬೇಡಿ. ಮಕ್ಕಳ ವೈದ್ಯರಲ್ಲಿ ಎತ್ತರ, ತೂಕ ಎರಡನ್ನೂ ಅಳೆಸಿ.